ಲಂಕೆಯ ರಾಜ್ಯಭಾರ: ಗುಮಾಸ್ತನೊಬ್ಬನ ಕಣ್ಣಿನಲ್ಲಿ

ಲಂಕೆಯೆಂದ ಕೂಡಲೇ ನಮ್ಮ ಮನೆಗಳಲ್ಲಿ ಅಜ್ಜಿಯರಿಗೆ ರಾವಣನ ನೆನಪಾಗುತ್ತದೆ. ಅಜ್ಜಂದಿರಿಗೆ ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲೆಯ ನೆನಪಾಗುತ್ತದೆ. ಹುಡುಗರಿಗೆ ಕ್ರಿಕೆಟ್ಟಿನ ನೆನಪಾಗುತ್ತದೆ. ಆದರೆ ಧನುಷ್ಕೋಟಿಯಿಂದ ಇಪ್ಪತ್ತು ಮೈಲಿಯೂ ಇಲ್ಲದ ಆ ನೆರೆಮನೆಯಲ್ಲಿ ಸರಕಾರ ಹೇಗೆ ನಡೆಯುತ್ತದೆಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ಮುಖಮುಖ ನೋಡಿಕೊಳ್ಳುತ್ತೇವೆ. ದೂರದ ಅಮೆರಿಕದ ಅಧ್ಯಕ್ಷರ ದಿನಚರಿ ನಮಗೆ ಗೊತ್ತು. ಪಕ್ಕದ ಮನೆಯ ಯಜಮಾನರ ಹೆಸರು ಗೊತ್ತಿಲ್ಲ.

ರಾಜ್ಯಾಂಗದ ವಿಷಯವೆಂದು ಹೇಳಿ ಕಲಮುಗಳ ಪಟ್ಟಿಯನ್ನು ಮುಂದಿಟ್ಟು ವಾಚಕರನ್ನು ನಿದ್ದೆಗೆ ನೂಕುವ ಉದ್ದೇಶ ನನಗಿಲ್ಲ. ಸರಕಾರಿ ಕಚೇರಿಯಲ್ಲಿ ಫೈಲುಗಳ ನಡುವೆ ಕೂತು ಹೊಟ್ಟೆ ಹೊರೆಯುವವನಿಗೆ ಸರಕಾರವೆಂದರೆ ಮೊದಲು ಕಾಣುವುದು ಸಿಂಹಾಸನವಲ್ಲ, ಅರ್ಜಿ ಕೊಳ್ಳುವ ಕಿಟಕಿ. ಆ ಕಿಟಕಿಯಲ್ಲಿ ಯಾವ ಭಾಷೆಯ ಅರ್ಜಿ ನಡೆಯುತ್ತದೆ, ಒಳಗೆ ಕೂರಲು ಯಾರು ಅರ್ಹರು, ಹೊರಗೆ ನಿಲ್ಲಲು ಕೂಡ ಯಾರು ಅರ್ಹರಲ್ಲ ಎಂಬುದೇ ರಾಜ್ಯಾಂಗದ ತಿರುಳು. ಲಂಕೆಯ ಚರಿತ್ರೆಯಲ್ಲಿ ಈ ಮಾತಿಗೆ ಸಾಕ್ಷಿಯಾಗಿ ಒಬ್ಬ ಗುಮಾಸ್ತ ಇದ್ದಾನೆ. ಅವನ ಒಂದು ವರ್ಷದ ಇನ್‌ಕ್ರಿಮೆಂಟು ನಿಂತುಹೋದದ್ದು ದೇಶದ ರಾಜ್ಯಾಂಗವನ್ನೇ ಕಟಕಟೆಗೆ ತಂದಿತು. ಅವನ ಬಳಿಗೆ ಬರುವ ಮೊದಲು ಮನೆ ಕಟ್ಟಿದ ಬಗೆಯನ್ನು ಸ್ವಲ್ಪ ನೋಡಬೇಕು.

೧೫೦೫ರಲ್ಲಿ ಪೋರ್ಚುಗೀಸರು ಲಂಕೆಗೆ ಬಂದರು. ಅವರನ್ನು ಹೊಡೆದೋಡಿಸಿ ಡಚ್ಚರು ಬಂದರು. ೧೭೯೬ರಲ್ಲಿ ಡಚ್ಚರ ಕೈಯಿಂದ ಇಂಗ್ಲಿಷರು ಕಿತ್ತುಕೊಂಡರು. ಇವರೆಲ್ಲ ಆಳಿದ್ದು ಕರಾವಳಿಯನ್ನು. ನಡುವಣ ಮಲೆನಾಡಿನ ಕ್ಯಾಂಡಿ ರಾಜ್ಯ ೧೮೧೫ರವರೆಗೆ ತಲೆಯೆತ್ತಿಯೇ ನಿಂತಿತ್ತು. ಅದರ ಕಡೆಯ ಅರಸ ಶ್ರೀ ವಿಕ್ರಮ ರಾಜಸಿಂಹ, ಹೆಣ್ಣು ಕೊಟ್ಟು ತಂದ ನಂಟಸ್ತಿಕೆಯಿಂದ ಕ್ಯಾಂಡಿಯ ಪಟ್ಟಕ್ಕೆ ಬಂದ ದಕ್ಷಿಣ ಭಾರತದ ನಾಯಕ ಮನೆತನದವನು. ಅವನ ಮೇಲೆ ಮುನಿದ ಸರದಾರರೇ ಇಂಗ್ಲಿಷರೊಡನೆ ಕೂಡಿ ಅವನನ್ನು ಇಳಿಸಿದರು. ವೆಲ್ಲೂರಿನಲ್ಲಿ ಸೆರೆಯಾಳಾಗಿದ್ದು ೧೮೩೨ರಲ್ಲಿ ಆತ ತೀರಿಕೊಂಡ. ಚೆನ್ನೈಯಲ್ಲಿರುವ ನಮ್ಮ ವಾಚಕರು ವೆಲ್ಲೂರಿಗೆ ಹೋದಾಗ ಪಾಲಾರ್ ಹೊಳೆಯ ಬಳಿ ಅವನ ಸಮಾಧಿಯಿರುವ ಮುತ್ತು ಮಂಟಪವನ್ನು ನೋಡಬಹುದು.

ಕೋಲ್‌ಬ್ರೂಕ್ ಮತ್ತು ಕ್ಯಾಮರಾನ್ ಎಂಬ ಇಬ್ಬರು ಅಧಿಕಾರಿಗಳು ಕೊಟ್ಟ ವರದಿಯ ಮೇಲೆ ೧೮೩೩ರಲ್ಲಿ ಇಂಗ್ಲಿಷರು ಇಡೀ ದ್ವೀಪವನ್ನು ಒಂದೇ ಆಡಳಿತದಡಿ ತಂದು ಐದು ಪ್ರಾಂತಗಳಾಗಿ ಹಂಚಿದರು. ಕೊಲಂಬೋವಿನಲ್ಲಿ ಒಂದು ಶಾಸನಸಭೆಯನ್ನೂ ಮಾಡಿದರು. ಹದಿನೈದು ಕುರ್ಚಿಗಳು. ಒಂಬತ್ತು ಸರಕಾರಿ ಅಧಿಕಾರಿಗಳಿಗೆ. ಉಳಿದ ಆರರಲ್ಲಿ ಮೂರು ಯೂರೋಪಿಯನರಿಗೆ, ಒಂದು ಸಿಂಹಳೀಯನಿಗೆ, ಒಂದು ತಮಿಳನಿಗೆ, ಒಂದು ಡಚ್ಚರ ಸಂತತಿಯ ಬರ್ಗರನಿಗೆ. ಕೋಮಿಗೊಂದು ಕುರ್ಚಿ ಹಾಕುವ ಈ ಪದ್ಧತಿ ನೂರು ವರ್ಷ ಬೆಳೆಯಿತು. ಜಿಲ್ಲೆಯ ದೊಡ್ಡ ಕಚೇರಿಗೆ ಅಲ್ಲಿಯವರು ಇಟ್ಟುಕೊಂಡ ಹೆಸರು ‘ಕಚ್ಚೇರಿ’ ಎಂಬುದನ್ನು ಓದಿದಾಗ ನನಗೆ ನಗು ಬಂತು. ರಾಜ ಯಾರಾದರೇನು, ಕಚೇರಿ ಕಚೇರಿಯೇ!

ಆ ಕಾಲದಲ್ಲಿ ಭಾಷೆಯ ಜಗಳವೇ ಇರಲಿಲ್ಲ. ಇದ್ದದ್ದು ಒಂದೇ ಭಾಷೆ, ಇಂಗ್ಲಿಷು. ೧೯೧೧ರಲ್ಲಿ ಇಂಗ್ಲಿಷು ಕಲಿತ ಕೆಲವೇ ಸಾವಿರ ಮಂದಿಗೆ ಒಬ್ಬ ಪ್ರತಿನಿಧಿಯನ್ನು ಆರಿಸುವ ಹಕ್ಕು ಮೊದಲ ಸಲ ಸಿಕ್ಕಿದಾಗ, ಅವರಲ್ಲಿ ಹೆಚ್ಚಿನವರು ಸಿಂಹಳೀಯರಾಗಿದ್ದರೂ ಗೆದ್ದವರು ತಮಿಳರಾದ ಪೊನ್ನಂಬಲಂ ರಾಮನಾಥನ್. ಮುಂದಿನ ಕಥೆ ಓದುವಾಗ ಇದು ನೆನಪಿರಲಿ.

ಇನ್ನು ನನಗೆ ಬಹಳ ಹಿಡಿಸಿದ ಭಾಗ. ಡೊನೋಮೋರ್ ಪ್ರಭುವಿನ ಆಯೋಗದ ಸಲಹೆಯಂತೆ ೧೯೩೧ರಲ್ಲಿ ಹೊಸ ರಾಜ್ಯಾಂಗ ಬಂದಿತು. ಇಪ್ಪತ್ತೊಂದು ವರ್ಷ ತುಂಬಿದ ಗಂಡಸರಿಗೂ ಹೆಂಗಸರಿಗೂ ಮತ! ಆಸ್ತಿ ಕೇಳಲಿಲ್ಲ, ಅಕ್ಷರ ಕೇಳಲಿಲ್ಲ. ಏಷ್ಯಾಖಂಡದಲ್ಲಿ ಇಂಥದು ಇದೇ ಮೊದಲು. ಆಳುವ ಇಂಗ್ಲೆಂಡಿನಲ್ಲಿಯೇ ಹೆಂಗಸರಿಗೆ ಗಂಡಸರ ಸಮನಾಗಿ ಮತ ದೊರೆತು ಆಗಿನ್ನೂ ಮೂರೇ ವರ್ಷ; ನಮ್ಮ ಭಾರತದಲ್ಲಿ ಎಲ್ಲ ವಯಸ್ಕರೂ ಮತ ಹಾಕಿದ್ದು ಇನ್ನಿಪ್ಪತ್ತು ವರ್ಷದ ಬಳಿಕ. ಲಂಕೆಯ ಮುಖಂಡರಲ್ಲೇ ಹಲವರು ಇಷ್ಟು ದೂರ ಹೋಗುವುದು ಬೇಡವೆಂದಿದ್ದರು. ರಾಮನಾಥನ್ ಅವರೂ ವಿರೋಧಿಸಿದ್ದರು. ತೋಟದ ಕೂಲಿಯ ಹೆಂಡತಿಯೂ ಜಮೀನ್ದಾರನೂ ಒಂದೇ ಸಾಲಿನಲ್ಲಿ ನಿಲ್ಲುವುದನ್ನು ಅವರ ಕಾಲದವರು ಊಹಿಸಲಾರದೆ ಹೋದರೋ ಏನೋ.

ಆಡಳಿತದ ಏರ್ಪಾಡು ಇನ್ನೂ ವಿಚಿತ್ರ. ಸ್ಟೇಟ್ ಕೌನ್ಸಿಲ್ ಎಂಬ ಆ ಸಭೆಯಲ್ಲಿ ಐವತ್ತು ಮಂದಿ ಚುನಾಯಿತರು, ಎಂಟು ಮಂದಿ ನಾಮಕರಣಗೊಂಡವರು, ಜತೆಗೆ ಮೂರು ಇಂಗ್ಲಿಷ್ ಕಾರ್ಯದರ್ಶಿಗಳು. ಆಳುವ ಪಕ್ಷ, ವಿರೋಧ ಪಕ್ಷ ಎಂಬುದೇ ಇಲ್ಲ. ಸದಸ್ಯರು ಏಳು ಸಮಿತಿಗಳಾಗಿ ಹಂಚಿಕೊಳ್ಳಬೇಕು. ಒಂದೊಂದು ಸಮಿತಿಗೆ ವಿದ್ಯಾಭ್ಯಾಸ, ಆರೋಗ್ಯ, ವ್ಯವಸಾಯ ಹೀಗೆ ಒಂದೊಂದು ಖಾತೆ. ಸಮಿತಿ ಆರಿಸಿದ ಅಧ್ಯಕ್ಷನೇ ಆ ಖಾತೆಯ ಮಂತ್ರಿ. ಲಂಡನ್ ನಗರದ ಕೌಂಟಿ ಕೌನ್ಸಿಲಿನ ಮಾದರಿಯಂತೆ. ಎಲ್ಲ ಸದಸ್ಯರ ಕೈಗೂ ಒಂದಿಷ್ಟು ಕೆಲಸ ಬರಲಿ, ಕೋಮುಗಳು ಕೂಡಿ ಕೂತು ಕಲಿಯಲಿ ಎಂಬ ಆಸೆಯಿತ್ತು. ವಿದ್ಯಾಮಂತ್ರಿ ಕನ್ನಂಗರ ಅವರು ೧೯೪೫ರಲ್ಲಿ ಶಿಶುವಿಹಾರದಿಂದ ವಿಶ್ವವಿದ್ಯಾನಿಲಯದವರೆಗೆ ಉಚಿತ ಶಿಕ್ಷಣವನ್ನು ಜಾರಿಗೆ ತಂದದ್ದು ಈ ಏರ್ಪಾಡಿನ ಫಲ.

ಆದರೆ ೧೯೩೬ರ ಚುನಾವಣೆಯ ಬಳಿಕ ಏನಾಯಿತು? ಬಹುಸಂಖ್ಯಾತರು ಏಳು ಸಮಿತಿಗಳಲ್ಲೂ ಎಣಿಸಿ ನೋಡಿ ಹಂಚಿಕೊಂಡರು. ಏಳು ಮಂತ್ರಿಗಳೂ ಸಿಂಹಳೀಯರೇ ಆದರು. ನಿಯಮ ಒಂದನ್ನೂ ಮುರಿದಿರಲಿಲ್ಲ. ಆಡಳಿತದಲ್ಲಿ ಇಂಥದು ಹೇಗೆ ನಡೆಯುತ್ತದೆಂದು ಕಚೇರಿಯಲ್ಲಿ ಹತ್ತು ವರ್ಷ ಕೂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸ್ವಾತಂತ್ರ್ಯ ಬಂದದ್ದು ೧೯೪೮ರ ಫೆಬ್ರವರಿ ೪ರಂದು. ಸೋಲ್ಬರಿ ಪ್ರಭುವಿನ ಆಯೋಗ ನೋಡಿಕೊಟ್ಟ ರಾಜ್ಯಾಂಗ ಇಂಗ್ಲೆಂಡಿನ ಅಚ್ಚು: ಮೇಲೊಬ್ಬ ಗವರ್ನರ್ ಜನರಲ್, ೧೦೧ ಸದಸ್ಯರ ಪ್ರತಿನಿಧಿ ಸಭೆ, ೩೦ ಸದಸ್ಯರ ಸೆನೇಟು, ಪ್ರಧಾನಮಂತ್ರಿಯಾಗಿ ಡಿ. ಎಸ್. ಸೇನಾನಾಯಕ. ಅದರಲ್ಲಿ ಅಲ್ಪಸಂಖ್ಯಾತರಿಗೆ ಧೈರ್ಯ ಹೇಳುವ ೨೯ನೆಯ ಕಲಮು ಒಂದಿತ್ತು. ಒಂದು ಕೋಮಿನ ಅಥವಾ ಮತದ ಜನಕ್ಕೆ ಇಲ್ಲದ ತೊಡಕನ್ನು ಇನ್ನೊಂದು ಕೋಮಿನ ಜನಕ್ಕೆ ಮಾತ್ರ ಒಡ್ಡುವ ಶಾಸನವನ್ನು ಪಾರ್ಲಿಮೆಂಟು ಮಾಡಕೂಡದು. ಮಾಡಿದರೆ ಅದು ಶಾಸನವೇ ಅಲ್ಲ.

ಈ ಕಲಮಿಗೆ ಮೊದಲ ಪರೀಕ್ಷೆ ಅದೇ ವರ್ಷ ಬಂದಿತು. ಕಾಫಿ, ಚಹಾ ತೋಟಗಳಿಗೆಂದು ಇಂಗ್ಲಿಷರು ತಮಿಳುನಾಡಿನಿಂದ ಕರೆದೊಯ್ದ ಕೂಲಿಗಳು ಬೆಟ್ಟದ ಮೇಲೆ ಎರಡು ಮೂರು ತಲೆಮಾರು ಕಳೆದಿದ್ದರು. ೧೯೪೭ರ ಚುನಾವಣೆಯಲ್ಲಿ ಮತ ಹಾಕಿ ತಮ್ಮವರನ್ನು ಪ್ರತಿನಿಧಿ ಸಭೆಗೆ ಕಳುಹಿಸಿದ್ದರು. ೧೯೪೮ರ ಪೌರತ್ವ ಶಾಸನ ಅವರಿಂದ ತಂದೆಯ ಹುಟ್ಟಿನ ದಾಖಲೆ, ತಾತನ ಹುಟ್ಟಿನ ದಾಖಲೆ ಕೇಳಿತು. ತೋಟದ ಲಾಯದಲ್ಲಿ ಹುಟ್ಟಿದವನಿಗೆ ತಾತನ ದಾಖಲೆ ಎಲ್ಲಿಂದ ಬರಬೇಕು? ಒಂದೇ ಏಟಿಗೆ ಲಕ್ಷಾಂತರ ಮಂದಿ ಯಾವ ದೇಶದವರೂ ಅಲ್ಲದೆ ಹೋದರು; ಹಿಂದೆಯೇ ಮತವೂ ಹೋಯಿತು. ಶಾಸನದಲ್ಲಿ ಯಾವ ಕೋಮಿನ ಹೆಸರೂ ಇಲ್ಲ, ಆದುದರಿಂದ ೨೯ನೆಯ ಕಲಮು ಅಡ್ಡಬರುವುದಿಲ್ಲವೆಂದು ಲಂಡನ್ನಿನ ಪ್ರಿವಿ ಕೌನ್ಸಿಲ್ ೧೯೫೩ರಲ್ಲಿ ತೀರ್ಪಿತ್ತಿತು.

೧೯೬೪ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರೂ ಲಂಕೆಯ ಪ್ರಧಾನಿ ಸಿರಿಮಾವೋ ಬಂಡಾರನಾಯಕೆಯವರೂ ಕೂತು ಈ ಜನರನ್ನು ಹಂಚಿಕೊಂಡರು: ಭಾರತಕ್ಕೆ ೫,೨೫,೦೦೦, ಲಂಕೆಗೆ ೩,೦೦,೦೦೦, ಉಳಿದ ೧,೫೦,೦೦೦ ಮಂದಿಯ ವಿಷಯ ಮುಂದಕ್ಕೆ. ೧೯೭೪ರಲ್ಲಿ ಅವರನ್ನೂ ಅರ್ಧರ್ಧ ಮಾಡಿಕೊಂಡರು. ಹೀಗೆ ‘ಮರಳಿ’ ಬಂದವರಲ್ಲಿ ಬಹಳ ಮಂದಿ ಭಾರತವನ್ನು ಕಂಡೇ ಇರಲಿಲ್ಲ. ಕೆಲವರಿಗೆ ನೀಲಗಿರಿಯ ಸರಕಾರಿ ಚಹಾ ತೋಟಗಳಲ್ಲಿ ಕೆಲಸ ಸಿಕ್ಕಿತು. ಕೆಲವರು ನಮ್ಮ ದಕ್ಷಿಣ ಕನ್ನಡಕ್ಕೂ ಬಂದರು. ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ಹಾಲು ಇಳಿಸುವ ತಮಿಳರನ್ನು ಕಂಡವರು ಇವರು ಘಟ್ಟದ ಕೆಳಗೆ ಹೇಗೆ ಬಂದರೆಂದು ಯೋಚಿಸಿದ್ದರೆ, ಉತ್ತರ ಇಲ್ಲಿದೆ.

ಇನ್ನು ಭಾಷೆಯ ಮಾತು. ಇಲ್ಲಿ ಸಿಂಹಳೀಯರ ಕಡೆಯ ಮಾತನ್ನೂ ಹೇಳದಿದ್ದರೆ ನ್ಯಾಯವಲ್ಲ. ಸ್ವಾತಂತ್ರ್ಯ ಬಂದು ವರ್ಷಗಳು ಕಳೆದರೂ ಹಳ್ಳಿಯ ಸಿಂಹಳೀಯನಿಗೆ ಕೋರ್ಟಿನ ಸಮನ್ಸು ಇಂಗ್ಲಿಷಿನಲ್ಲಿ ಬರುತ್ತಿತ್ತು. ದೇಶದ ಬಹುಸಂಖ್ಯಾತನಿಗೆ ತನ್ನ ಮನೆಯ ಜಗಲಿಯಲ್ಲೇ ದುಭಾಷಿ ಬೇಕೆಂದರೆ ಸಿಟ್ಟು ಬಾರದಿರುತ್ತದೆಯೇ? ೧೯೪೪ರಲ್ಲಿ ಸ್ಟೇಟ್ ಕೌನ್ಸಿಲಿನಲ್ಲಿ ಜೆ. ಆರ್. ಜಯವರ್ಧನರ ಸಿಂಹಳದ ನಿರ್ಣಯಕ್ಕೆ ತಮಿಳನ್ನೂ ಸೇರಿಸಿ ಒಪ್ಪಿದ್ದರು. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ೧೯೫೬ರ ಚುನಾವಣೆಯಲ್ಲಿ ಸಾಲೊಮನ್ ಬಂಡಾರನಾಯಕರು ‘ಸಿಂಹಳ ಮಾತ್ರ’ ಎಂಬ ಘೋಷಣೆಯ ಮೇಲೆ ಗೆದ್ದರು. ಜೂನಿನಲ್ಲಿ ಕೆಲವೇ ಸಾಲುಗಳ ಶಾಸನವೊಂದು ಸಿಂಹಳವನ್ನು ಏಕೈಕ ರಾಜಭಾಷೆ ಮಾಡಿತು. ಪಾರ್ಲಿಮೆಂಟಿನ ಹೊರಗೆ ಗಾಲ್ ಫೇಸ್ ಮೈದಾನದಲ್ಲಿ ಸತ್ಯಾಗ್ರಹಕ್ಕೆ ಕೂತ ತಮಿಳು ಸದಸ್ಯರ ಮೇಲೆ ಗುಂಪು ಬಿದ್ದು ಹೊಡೆಯಿತು. ಎಡಪಕ್ಷದ ಡಾಕ್ಟರ್ ಕಾಲ್ವಿನ್ ಡಿ ಸಿಲ್ವ ಅವರು ಒಳಗೆ ಎಚ್ಚರಿಸಿದರು: ಎರಡು ಭಾಷೆಯಾದರೆ ಒಂದು ದೇಶ ಉಳಿದೀತು, ಒಂದೇ ಭಾಷೆಯಾದರೆ ಎರಡು ದೇಶವಾದೀತು. ಮರುವರ್ಷ ತಮಿಳು ನಾಯಕ ಚೆಲ್ವನಾಯಕಂ ಅವರೊಡನೆ ಬಂಡಾರನಾಯಕರು ಒಪ್ಪಂದ ಮಾಡಿಕೊಂಡರು. ಬಿಕ್ಷುಗಳು ಬಂದು ಮನೆಯ ಮುಂದೆ ಕೂತೊಡನೆ ೧೯೫೮ರಲ್ಲಿ ಅದನ್ನು ರದ್ದು ಮಾಡಿದರು. ಅದರ ಮುಂದಿನ ವರ್ಷ ಬಿಕ್ಷುವೊಬ್ಬನೇ ಅವರನ್ನು ಗುಂಡಿಟ್ಟು ಕೊಂದನು. ಅವರ ಪತ್ನಿ ಸಿರಿಮಾವೋ ೧೯೬೦ರಲ್ಲಿ ಪ್ರಧಾನಿಯಾಗಿ, ಪ್ರಪಂಚದ ಮೊದಲ ಮಹಿಳಾ ಪ್ರಧಾನಿ ಎನಿಸಿಕೊಂಡರು.

ಈಗ ನಮ್ಮ ಗುಮಾಸ್ತ. ಹೆಸರು ಕೋಡೀಶ್ವರನ್. ೧೯೫೨ರಲ್ಲಿ ಸರಕಾರಿ ಗುಮಾಸ್ತೆ ಸೇವೆಗೆ ಸೇರಿದ ತಮಿಳ. ಸೇರುವಾಗ ಕಚೇರಿಯ ಭಾಷೆ ಇಂಗ್ಲಿಷು. ೧೯೬೧ರ ಡಿಸೆಂಬರಿನಲ್ಲಿ ಖಜಾನೆಯಿಂದ ಒಂದು ಸುತ್ತೋಲೆ ಬಂದಿತು: ಸಿಂಹಳ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗದವರಿಗೆ ಇನ್‌ಕ್ರಿಮೆಂಟಿಲ್ಲ. ಕೋಡೀಶ್ವರನ್ ಪರೀಕ್ಷೆಗೆ ಕೂರಲಿಲ್ಲ. ೧೯೬೨ರಲ್ಲಿ ಅವರ ಇನ್‌ಕ್ರಿಮೆಂಟು ನಿಂತಿತು. ಊರು ಬಿಟ್ಟು ಬಂದ ನಮ್ಮಲ್ಲಿ ಹಲವರು ನೌಕರಿಗಾಗಿ ಪರಭಾಷೆಯ ಪರೀಕ್ಷೆ ಬರೆದಿದ್ದೇವೆ. ಬರೆದು ಪಾಸಾಗಿ ಪೇಡೆ ಹಂಚಿದ್ದೂ ಉಂಟು. ‘ಇವನಿಗೇನು ಧಾಡಿ?’ ಎಂದು ಕೇಳಬಹುದು. ಆದರೆ ನಾವು ಇನ್ನೊಬ್ಬರ ಪ್ರಾಂತಕ್ಕೆ ಬಂದವರು, ನಮಗೆ ಹಿಂದಿರುಗಿ ಹೋಗಲು ಕನ್ನಡದ ಕಚೇರಿಯಿರುವ ನಾಡೊಂದಿದೆ. ಅವನಿಗೆ ಇದ್ದದ್ದು ಅದೊಂದೇ ದೇಶ.

ಅವರು ಸರಕಾರದ ಮೇಲೆ ದಾವೆ ಹೂಡಿದರು. ವಾದ ಸರಳ: ಈ ಸುತ್ತೋಲೆಗೆ ತಾಯಿ ೧೯೫೬ರ ಶಾಸನ, ಆ ಶಾಸನ ೨೯ನೆಯ ಕಲಮಿಗೆ ವಿರುದ್ಧ. ೧೯೬೪ರಲ್ಲಿ ಕೊಲಂಬೋ ಜಿಲ್ಲಾ ನ್ಯಾಯಾಧೀಶರಾದ ಡಿ ಕ್ರೆಟ್ಸರ್ ಹೌದೆಂದರು. ಒಂದು ಜಿಲ್ಲಾ ಕೋರ್ಟು ದೇಶದ ಭಾಷಾ ಶಾಸನವನ್ನೇ ಅಸಿಂಧುವೆಂದಿತು! ಸರಕಾರ ಮೇಲಿನ ಕೋರ್ಟಿಗೆ ಹೋಯಿತು. ಸುಪ್ರೀಂ ಕೋರ್ಟು ೧೯೬೭ರಲ್ಲಿ ಭಾಷೆಯ ಗೋಜಿಗೇ ಹೋಗಲಿಲ್ಲ. ರಾಜಸೇವಕನು ಸಂಬಳಕ್ಕಾಗಿ ರಾಜನ ಮೇಲೆ ದಾವೆ ಹೂಡಕೂಡದು ಎಂಬ ಹಳೆಯ ಇಂಗ್ಲಿಷ್ ಸೂತ್ರವನ್ನು ಹಿಡಿದು ದಾವೆಯನ್ನು ತಳ್ಳಿಹಾಕಿತು. ಗುಮಾಸ್ತ ಲಂಡನ್ನಿಗೆ ಹೋದ. ೧೯೬೯ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿತು: ಸಂಬಳಕ್ಕಾಗಿ ದಾವೆ ಹೂಡಬಹುದು, ಭಾಷೆಯ ಪ್ರಶ್ನೆಯನ್ನು ನಿಮ್ಮ ಸುಪ್ರೀಂ ಕೋರ್ಟೇ ತೀರ್ಮಾನಿಸಲಿ. ಫೈಲು ವಾಪಸು.

ಆ ಪ್ರಶ್ನೆಗೆ ಉತ್ತರ ಬರಲೇ ಇಲ್ಲ. ಬರುವ ಮೊದಲೇ ಮನೆಯನ್ನು ಕೆಡವಿ ಬೇರೆ ಕಟ್ಟಿದರು. ೧೯೭೧ರಲ್ಲಿ ಸೆನೇಟು ಹೋಯಿತು, ಲಂಡನ್ನಿನ ಅಪೀಲೂ ಹೋಯಿತು. ೧೯೭೨ರ ಮೇ ೨೨ರಂದು ಸಿಲೋನ್ ಶ್ರೀಲಂಕಾ ಗಣರಾಜ್ಯವಾಯಿತು. ಹೊಸ ರಾಜ್ಯಾಂಗದಲ್ಲಿ ಬೌದ್ಧಮತಕ್ಕೆ ಅಗ್ರಸ್ಥಾನ. ಸಿಂಹಳವೇ ರಾಜಭಾಷೆಯೆಂದು ಸ್ಪಷ್ಟವಾಗಿ ಬರೆದರು. ೨೯ನೆಯ ಕಲಮು ಮಾಯ. ಇದನ್ನು ಮುಂದೆ ನಿಂತು ರಚಿಸಿದ ಮಂತ್ರಿ ಯಾರು? ೧೯೫೬ರಲ್ಲಿ ‘ಎರಡು ದೇಶವಾದೀತು’ ಎಂದು ಎಚ್ಚರಿಸಿದ್ದ ಅದೇ ಕಾಲ್ವಿನ್ ಡಿ ಸಿಲ್ವ! ಪರಕೀಯರ ಸಂಕೋಲೆ ಕಳಚುವ ಭರದಲ್ಲಿ ಅವರಂಥ ಪಂಡಿತರಿಗೂ ಆ ಮಾತು ಮರೆತುಹೋಯಿತು.

ಆ ಮನೆಯೂ ಏಳು ವರ್ಷ ಬಾಳಲಿಲ್ಲ. ೧೯೭೭ರಲ್ಲಿ ಜಯವರ್ಧನರ ಪಕ್ಷ ೧೬೮ರಲ್ಲಿ ೧೪೦ ಸ್ಥಾನ ಗೆದ್ದಿತು. ೧೯೭೮ರ ಸೆಪ್ಟೆಂಬರ್ ೭ರಂದು ಬಂದ ಮೂರನೆಯ ರಾಜ್ಯಾಂಗವೇ ತಿದ್ದುಪಡಿಗಳೊಡನೆ ಇಂದಿನವರೆಗೆ ನಡೆದುಬಂದಿರುವುದು. ಅದರಲ್ಲಿ ಪ್ರಧಾನಿಗಿಂತ ಅಧ್ಯಕ್ಷರು ದೊಡ್ಡವರು. ಜನರೇ ನೇರವಾಗಿ ಆರಿಸುವ ಅವರು ರಾಷ್ಟ್ರದ ಮುಖ್ಯಸ್ಥರು, ಸರಕಾರದ ಮುಖ್ಯಸ್ಥರು, ಸೈನ್ಯದ ದಂಡನಾಯಕರು, ಮೂರೂ ಹೌದು. ಗಂಡಸನ್ನು ಹೆಂಗಸು ಮಾಡುವುದೊಂದನ್ನು ಬಿಟ್ಟು ಅಧ್ಯಕ್ಷನಿಂದ ಆಗದ್ದಿಲ್ಲ ಎಂದು ಜಯವರ್ಧನರೇ ನುಡಿದರೆಂದು ಹೇಳುವುದುಂಟು. ೧೯೮೨ರಲ್ಲಿ ಅವರು ಚುನಾವಣೆಗೆ ಬದಲು ಜನಮತ ಕೇಳಿ ಪಾರ್ಲಿಮೆಂಟಿನ ಆಯುಸ್ಸನ್ನು ಆರು ವರ್ಷ ಹೆಚ್ಚಿಸಿಕೊಂಡರು. ಮರುವರ್ಷ ಜುಲೈಯಲ್ಲಿ ಕೊಲಂಬೋವಿನಲ್ಲಿ ತಮಿಳರ ಮನೆ ಅಂಗಡಿಗಳು ಉರಿದವು. ಪ್ರತ್ಯೇಕ ದೇಶ ಕೇಳುವುದಿಲ್ಲವೆಂದು ಪ್ರಮಾಣ ಮಾಡಬೇಕೆಂಬ ಆರನೆಯ ತಿದ್ದುಪಡಿಯಿಂದ ತಮಿಳು ಸದಸ್ಯರು ಪಾರ್ಲಿಮೆಂಟಿನಿಂದ ಹೊರಬಿದ್ದರು. ಮುಂದೆ ೨೦೦೯ರವರೆಗೆ ನಡೆದ ಯುದ್ಧದ ಕಥೆಯನ್ನು ಇಲ್ಲಿ ಹೇಳುವುದು ಬೇಡ, ಎಲ್ಲರೂ ಕೇಳಿದ್ದೇವೆ.

ಪಾರ್ಲಿಮೆಂಟಿನದು ಒಂದೇ ಸಭೆ, ೨೨೫ ಸದಸ್ಯರು. ೧೯೬ ಮಂದಿ ೨೨ ಚುನಾವಣಾ ಜಿಲ್ಲೆಗಳಿಂದ ಬರುತ್ತಾರೆ. ಉಳಿದ ೨೯ ಸ್ಥಾನ ದೇಶದ ಒಟ್ಟು ಮತದ ಪ್ರಮಾಣಕ್ಕೆ ಸರಿಯಾಗಿ ಪಕ್ಷಗಳಿಗೆ. ನಮ್ಮಂತೆ ಹೆಚ್ಚು ಮತ ಬಂದವನೊಬ್ಬನೇ ಗೆಲ್ಲುವ ಕ್ಷೇತ್ರಗಳಿಲ್ಲ. ಮತದಾರ ಮೊದಲು ಪಕ್ಷಕ್ಕೆ ಗುರುತು ಹಾಕಿ, ಆಮೇಲೆ ಆ ಪಕ್ಷದ ಹುರಿಯಾಳುಗಳಲ್ಲಿ ಮೂವರವರೆಗೆ ಆರಿಸಬಹುದು. ಅಧ್ಯಕ್ಷರ ಚುನಾವಣೆಯಲ್ಲಿ ಮೊದಲ, ಎರಡನೆಯ, ಮೂರನೆಯ ಆಯ್ಕೆಯನ್ನು ಬರೆಯಬಹುದು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಮೊದಲ ಇಬ್ಬರನ್ನು ಉಳಿಸಿಕೊಂಡು ಉಳಿದವರ ಮತಪತ್ರಗಳ ಮುಂದಿನ ಆಯ್ಕೆಗಳನ್ನು ಎಣಿಸುತ್ತಾರೆ. ೨೦೨೪ರಲ್ಲಿ ಅನುರ ಕುಮಾರ ದಿಸಾನಾಯಕರು ಗೆದ್ದಾಗ ಹೀಗೆ ಎರಡನೆಯ ಎಣಿಕೆ ಮೊದಲ ಸಲ ನಡೆಯಿತು. ಅಧ್ಯಕ್ಷರ ಅವಧಿ ೧೯೭೮ರಲ್ಲಿ ಆರು ವರ್ಷ. ೨೦೧೫ರ ತಿದ್ದುಪಡಿಯಿಂದ ಐದು.

ಕೋರ್ಟಿನ ವಿಷಯದಲ್ಲಿ ನಮ್ಮವರು ಆಶ್ಚರ್ಯಪಡುವಂಥ ನಿಯಮವೊಂದಿದೆ. ಶಾಸನವನ್ನು ಪ್ರಶ್ನಿಸುವುದಿದ್ದರೆ ಅದು ಇನ್ನೂ ಮಸೂದೆಯಾಗಿರುವಾಗಲೇ, ಗೊತ್ತುಪಡಿಸಿದ ಕೆಲವು ದಿನಗಳೊಳಗೆ ಸುಪ್ರೀಂ ಕೋರ್ಟಿಗೆ ಹೋಗಬೇಕು. ಒಮ್ಮೆ ಸ್ಪೀಕರರ ಸಹಿ ಬಿತ್ತೆಂದರೆ ಮುಗಿಯಿತು. ಯಾವ ಕೋರ್ಟೂ ಅದನ್ನು ಅಸಿಂಧುವೆನ್ನುವಂತಿಲ್ಲ. ಕೋಡೀಶ್ವರನ್ನರ ದಾವೆಯನ್ನು ಇಂಥ ರಾಜ್ಯಾಂಗದಡಿ ದಾಖಲು ಮಾಡಿಕೊಳ್ಳುವಂತೆಯೇ ಇಲ್ಲ.

ಹಾಗೆಂದು ಅಲ್ಲಿನ ಕೋರ್ಟು ಬಾಯಿ ಮುಚ್ಚಿ ಕೂತಿದೆಯೆಂದಲ್ಲ. ೨೦೧೮ರಲ್ಲಿ ಅಧ್ಯಕ್ಷ ಸಿರಿಸೇನರು ಪ್ರಧಾನಿಯನ್ನು ತೆಗೆದು ಪಾರ್ಲಿಮೆಂಟನ್ನೂ ವಿಸರ್ಜಿಸಿದಾಗ, ಏಳು ನ್ಯಾಯಾಧೀಶರು ಒಕ್ಕೊರಲಿನಿಂದ ಅದು ರಾಜ್ಯಾಂಗಕ್ಕೆ ವಿರುದ್ಧವೆಂದರು. ೨೦೦೧ರಿಂದೀಚೆಗೆ ಅಧ್ಯಕ್ಷರ ಅಧಿಕಾರವನ್ನು ಒಂದು ತಿದ್ದುಪಡಿ ಕತ್ತರಿಸುವುದು, ಮುಂದಿನದು ಹೊಲಿಯುವುದು, ಹೀಗೆಯೇ ನಡೆದಿದೆ: ೧೭ನೆಯದು ಕತ್ತರಿಸಿತು, ೨೦೧೦ರ ೧೮ನೆಯದು ಹೊಲಿಯಿತು, ೨೦೧೫ರ ೧೯ನೆಯದು ಮತ್ತೆ ಕತ್ತರಿಸಿತು, ೨೦೨೦ರ ೨೦ನೆಯದು ಮತ್ತೆ ಹೊಲಿಯಿತು. ೨೦೨೨ರಲ್ಲಿ ಪೆಟ್ರೋಲು, ಅಡಿಗೆಯ ಗ್ಯಾಸು, ಔಷಧಿ ಯಾವುದೂ ಇಲ್ಲದೆ ಬೀದಿಗೆ ಬಂದ ಜನ ಅಧ್ಯಕ್ಷ ಗೋಟಾಬಯ ರಾಜಪಕ್ಷರ ನಿವಾಸಕ್ಕೇ ನುಗ್ಗಿದರು. ಅವರು ದೇಶ ಬಿಟ್ಟು ಓಡಿ ರಾಜೀನಾಮೆ ಕಳುಹಿಸಿದರು. ಉಳಿದ ಅವಧಿಗೆ ರಾಜ್ಯಾಂಗದ ನಿಯಮದಂತೆ ಪಾರ್ಲಿಮೆಂಟೇ ರನಿಲ್ ವಿಕ್ರಮಸಿಂಘರನ್ನು ಆರಿಸಿತು. ಅದೇ ವರ್ಷದ ೨೧ನೆಯ ತಿದ್ದುಪಡಿ ಪುನಃ ಒಂದಿಷ್ಟು ಕತ್ತರಿಸಿತು.

ಇನ್ನು ಪ್ರಾಂತಗಳು. ರಾಜೀವ್ ಗಾಂಧಿಯವರೊಡನೆ ಆದ ೧೯೮೭ರ ಒಪ್ಪಂದದ ಫಲವಾಗಿ ಬಂದ ೧೩ನೆಯ ತಿದ್ದುಪಡಿ ಪ್ರಾಂತೀಯ ಪರಿಷತ್ತುಗಳನ್ನು ಕೊಟ್ಟಿತು. ಪ್ರಾಂತಗಳು ಈಗ ಒಂಬತ್ತು. ಭೂಮಿ, ಪೊಲೀಸು ಕಾಗದದ ಮೇಲೆ ಅವುಗಳ ಪಟ್ಟಿಯಲ್ಲಿದ್ದರೂ ಕೊಲಂಬೋ ಕೈಬಿಡಲಿಲ್ಲ. ೨೦೧೪ರ ಚುನಾವಣೆಯ ಬಳಿಕ ಪರಿಷತ್ತುಗಳ ಅವಧಿ ಒಂದೊಂದಾಗಿ ಮುಗಿದು, ೨೦೧೯ರ ವೇಳೆಗೆ ಎಲ್ಲವೂ ಖಾಲಿಯಾದವು. ಆ ಮೇಲೆ ವರ್ಷಗಟ್ಟಲೆ ಅಧ್ಯಕ್ಷರು ನೇಮಿಸಿದ ಗವರ್ನರುಗಳೇ ನೋಡಿಕೊಂಡರು. ಹಳ್ಳಿಯವನಿಗೆ ಸರಕಾರವೆಂದರೆ ಗ್ರಾಮ ನಿಲಧಾರಿ. ನಮ್ಮ ಗ್ರಾಮಲೆಕ್ಕಿಗರ ಹಾಗೆ. ಇಂಥ ಹದಿನಾಲ್ಕು ಸಾವಿರ ಗ್ರಾಮ ವಿಭಾಗಗಳಿವೆ. ವಾಸದ ಸರ್ಟಿಫಿಕೇಟಿಗೆ ಎಲ್ಲರೂ ಅವನ ಬಾಗಿಲಿಗೇ ಹೋಗಬೇಕು.

ಅದೇ ೧೩ನೆಯ ತಿದ್ದುಪಡಿಯಲ್ಲಿ ತಮಿಳೂ ರಾಜಭಾಷೆಯಾಗಿರುವುದು ಎಂಬ ವಾಕ್ಯವೊಂದು ಸೇರಿತು. ಮರುವರ್ಷದ ೧೬ನೆಯದು ಸಿಂಹಳ, ತಮಿಳು ಎರಡನ್ನೂ ಆಡಳಿತ ಭಾಷೆ ಮಾಡಿತು. ಕೋಡೀಶ್ವರನ್ನರ ಇನ್‌ಕ್ರಿಮೆಂಟು ನಿಂತು ಆಗ ಇಪ್ಪತ್ತೈದು ವರ್ಷ ದಾಟಿತ್ತು. ತೋಟದ ತಮಿಳರಲ್ಲಿ ಉಳಿದಿದ್ದವರಿಗೆ ಪೌರತ್ವ ಕೊಟ್ಟ ಶಾಸನ ೨೦೦೩ರಲ್ಲಿ ಬಂದಿತು. ೨೦೦೭ರಲ್ಲಿ ಇನ್ನೊಂದು ಸುತ್ತೋಲೆ ಹೊರಟಿತು. ಅದರಂತೆ ಸರಕಾರಿ ಕೆಲಸಕ್ಕೆ ಹೊಸದಾಗಿ ಸೇರುವವರು ಐದು ವರ್ಷದೊಳಗೆ ಇನ್ನೊಂದು ರಾಜಭಾಷೆಯ ಪರೀಕ್ಷೆ ಪಾಸು ಮಾಡಬೇಕು. ತಮಿಳು ಗುಮಾಸ್ತ ಸಿಂಹಳದಲ್ಲಿ. ಸಿಂಹಳ ಗುಮಾಸ್ತ ತಮಿಳಿನಲ್ಲಿ.